ಅಮಾವಾಸ್ಯೆಗೆ ಹಾನ್ಲೆ

ಹೊರಡುವ ಮುಂಚೆ

ಬೆಂಗಳೂರಿನ ತಾರಸಿಯಿಂದ ಆಕಾಶದ ಫೋಟೊ ತೆಗೆಯುವವರ ಹತ್ತಿರ ಒಂದು ಉಪಾಯ ಇರುತ್ತದೆ. ಡ್ಯುಯಲ್ ಬ್ಯಾಂಡ್ ಫಿಲ್ಟರ್. ಹೈಡ್ರೋಜನ್ ಸೂಸುವ 656 ನ್ಯಾನೊಮೀಟರಿನ ಕೆಂಪು, ಆಮ್ಲಜನಕ ಸೂಸುವ 501 ನ್ಯಾನೊಮೀಟರಿನ ಹಸಿರು-ನೀಲಿ, ಇವೆರಡರ ಅಕ್ಕಪಕ್ಕದ ಬೆಳಕನ್ನು ಮಾತ್ರ ಅದು ಒಳಗೆ ಬಿಡುತ್ತದೆ. ಬೀದಿ ದೀಪದ ಬೆಳಕು ಬಹುಪಾಲು ಹೊರಗೇ ಉಳಿಯುತ್ತದೆ. ಹಾಗಾಗಿ ರೋಸೆಟ್, ನಾರ್ತ್ ಅಮೆರಿಕಾ ಥರದ ಕೆಂಪು ನೀಹಾರಿಕೆಗಳು ಜಯನಗರದ ಮನೆ ಮೇಲಿಂದಲೂ ಸಿಗುತ್ತವೆ.

ಗೆಲಾಕ್ಸಿಗಳ ಮುಂದೆ ಈ ಉಪಾಯ ನಡೆಯುವುದಿಲ್ಲ. ಗೆಲಾಕ್ಸಿ ಅಂದರೆ ಲೆಕ್ಕವಿಲ್ಲದಷ್ಟು ನಕ್ಷತ್ರಗಳ ಒಟ್ಟು ಬೆಳಕು. ಅದರಲ್ಲಿ ಎಲ್ಲ ಬಣ್ಣವೂ ಇದೆ. ಫಿಲ್ಟರ್ ಹಾಕಿದರೆ ಬೀದಿ ದೀಪದ ಜೊತೆಗೆ ಗೆಲಾಕ್ಸಿಯೂ ಹೋಗುತ್ತದೆ. ಕೃತ್ತಿಕೆಯ ಸುತ್ತಲಿನ ನೀಲಿ ಧೂಳಿನದ್ದೂ ಇದೇ ಕಥೆ. ಅದು ತಾನಾಗಿ ಹೊಳೆಯುವುದಿಲ್ಲ, ನಕ್ಷತ್ರದ ಬೆಳಕನ್ನು ಚದುರಿಸುತ್ತದೆ ಅಷ್ಟೆ. ಇವಕ್ಕೆಲ್ಲ ಬೇಕಾದದ್ದು ಕತ್ತಲು.

ಎಷ್ಟು ಕತ್ತಲು? ಆಕಾಶದ ಹೊಳಪನ್ನು ಚದರ ಆರ್ಕ್‌ಸೆಕೆಂಡಿಗೆ, ಅಂದರೆ ಆಕಾಶದ ಒಂದು ಪುಟಾಣಿ ಚೌಕಕ್ಕೆ, ಇಷ್ಟು ಮ್ಯಾಗ್ನಿಟ್ಯೂಡ್ ಎಂದು ಅಳೆಯುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಕತ್ತಲು ಜಾಸ್ತಿ. ದೊಡ್ಡ ನಗರದಲ್ಲಿ 18ರ ಆಸುಪಾಸು, ಒಳ್ಳೆಯ ಕಗ್ಗತ್ತಲಲ್ಲಿ 22ರ ಹತ್ತಿರ. ನಾಲ್ಕು ಮ್ಯಾಗ್ನಿಟ್ಯೂಡ್ ವ್ಯತ್ಯಾಸ ಅಂದರೆ ಸುಮಾರು 40 ಪಟ್ಟು. ಕಗ್ಗತ್ತಲಲ್ಲಿ ಒಂದು ಗಂಟೆಗೆ ಸಿಗುವ ಮಸುಕಾದ ವಿವರಕ್ಕೆ ಊರಿನಲ್ಲಿ 40 ಗಂಟೆ ಬೇಕು. ಮೋಡ, ಹೊಗೆ, ಎದುರು ಮನೆಯ ಎಲ್‌ಇಡಿ ಎಲ್ಲ ಲೆಕ್ಕ ಹಾಕಿದರೆ ಅದು ಒಂದು ವರ್ಷದ ಕೆಲಸ. ಕಗ್ಗತ್ತಲಿನ ಊರು ಹಾನ್ಲೆ ಇರುವುದು ಲಡಾಖಿನಲ್ಲಿ, ಅಲ್ಲಿನ ವಿಮಾನ ಟಿಕೆಟ್ಟೇ ಅಗ್ಗ ಎಂದು ಮನೆಯಲ್ಲಿ ವಾದ ಹೂಡಿದೆ.

ಅಮ್ಮನ ತಕರಾರು ದುಡ್ಡಿನ ಬಗ್ಗೆ ಇರಲಿಲ್ಲ. "ಮಹಾಲಯ ಅಮಾವಾಸ್ಯೆ ಹೊತ್ತಲ್ಲಿ ಯಾರಾದ್ರೂ ಊರು ಬಿಟ್ಟು ಹೋಗ್ತಾರೇನೋ?" ಅಂದರು. ಈ ಹುಚ್ಚು ಹಿಡಿದವರು ಊರು ಬಿಡುವುದೇ ಅಮಾವಾಸ್ಯೆಗೆ, ಏನು ಮಾಡುವುದು! ಚಂದ್ರ ಇದ್ದರೆ ಹಾನ್ಲೆಯೂ ಒಂದೇ, ಹನುಮಂತನಗರವೂ ಒಂದೇ.

ಲಗೇಜು ಕಟ್ಟುವಾಗ ತಕ್ಕಡಿ ಪಕ್ಕದಲ್ಲೇ ಇತ್ತು. 72 ಮಿಲಿಮೀಟರ್ ರಿಫ್ರಾಕ್ಟರ್ (ಲೆನ್ಸಿನ ಟೆಲಿಸ್ಕೋಪ್), ಕೆಂಪು ಬೆಳಕನ್ನು ತಡೆಯುವ ಫಿಲ್ಟರ್ ತೆಗೆಸಿದ ಹಳೆಯ ಡಿಎಸ್‌ಎಲ್‌ಆರ್, ಟೆಲಿಸ್ಕೋಪ್ ಗುರಿ ಬಿಟ್ಟು ಸರಿಯದ ಹಾಗೆ ನೋಡಿಕೊಳ್ಳುವ ಪುಟ್ಟ ಗೈಡ್ ಕ್ಯಾಮೆರಾ, ಇವು ಕೈಚೀಲಕ್ಕೆ. ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್, ಟ್ರೈಪಾಡ್, ಎದುರು ತೂಕದ ಕೌಂಟರ್‌ವೇಟ್ ಚೆಕ್-ಇನ್‌ಗೆ. ಪವರ್ ಬ್ಯಾಂಕ್ 100 ವಾಟ್-ಅವರ್ ಒಳಗಿದ್ದರೆ ತಕರಾರಿಲ್ಲ, ಆದರೆ ಅದು ಕೈಚೀಲದಲ್ಲೇ ಇರಬೇಕು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲವಾದ್ದರಿಂದ ಲ್ಯಾಪ್‌ಟಾಪಿಗೆ ನಕ್ಷತ್ರಗಳ ಕ್ಯಾಟಲಾಗ್ ಮೊದಲೇ ಇಳಿಸಿಕೊಂಡೆ. ಟೆಲಿಸ್ಕೋಪ್ ಎತ್ತ ನೋಡುತ್ತಿದೆ ಎಂದು ಫೋಟೊದ ನಕ್ಷತ್ರಗಳಿಂದಲೇ ಕಂಡುಹಿಡಿಯುವ ಪ್ಲೇಟ್ ಸಾಲ್ವಿಂಗ್‌ಗೆ ಅದು ಬೇಕು. ಡ್ಯುಯಲ್ ಬ್ಯಾಂಡ್ ಫಿಲ್ಟರನ್ನು ಬೇಕೆಂದೇ ಬೀರುವಿನಲ್ಲಿ ಬಿಟ್ಟೆ.

ಮೊದಲ ದಿನ: ಲೇಹ್

ದೆಹಲಿಯಿಂದ ಬೆಳಗಿನ ವಿಮಾನ. ಎಡಗಡೆ, ಬಲಗಡೆ ಎರಡೂ ಕಡೆ ಹಿಮದ ಬೆಟ್ಟಗಳು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನದಲ್ಲಿ ಒಂದೂಕಾಲು ಗಂಟೆಯಲ್ಲಿ ಏರಿದ ಎತ್ತರವನ್ನು ದೇಹ ಒಪ್ಪಿಕೊಳ್ಳಲು ಎರಡು ದಿನವಾದರೂ ಬೇಕು. ಜೊತೆಗೆ ಬಂದಿದ್ದ ಗೆಳೆಯ ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಹೋಟೆಲ್ಲಿನ ಎರಡನೇ ಮಹಡಿ ಹತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತ. "ಮಗಾ, ಎದೆ ಒಳಗೆ ಯಾರೋ ಡೋಲು ಬಾರಿಸ್ತಿದಾರೆ" ಅಂದ. ಬೆಳ್ಳುಳ್ಳಿ ಸೂಪು ಕುಡಿದೆವು, ಮಲಗಿದೆವು. ಆ ದಿನದ ಬಗ್ಗೆ ಹೇಳಲು ಬೇರೇನೂ ಇಲ್ಲ.

ಎರಡನೇ ದಿನ: ಲೇಹ್, ಮತ್ತೆ

ಪರ್ಮಿಟ್ ಕಾಗದ, ಟ್ಯಾಕ್ಸಿ ಮಾತುಕತೆ, ಉಣ್ಣೆಯ ಕಾಲುಚೀಲ. ಸಂಜೆ ಹೋಟೆಲ್ಲಿನ ಮೇಲೆ ನಿಂತು ನೋಡಿದರೆ ಲೇಹ್ ಊರಿನ ದೀಪಗಳೇ ಸಾಕಷ್ಟು ಆಕಾಶ ತಿಂದಿದ್ದವು. ಲಡಾಖಿಗೆ ಹೋದರೆ ಸಾಕು, ಎಲ್ಲಿ ನಿಂತರೂ ಆಕಾಶಗಂಗೆ ಸಿಗುತ್ತದೆ ಅಂದುಕೊಂಡು ಬರುವವರು ಇದನ್ನು ಗಮನಿಸಬೇಕು. ಬರಿಯ ಎತ್ತರದಿಂದ ಕತ್ತಲು ಸಿಗುವುದಿಲ್ಲ.

ಮೂರನೇ ದಿನ: ಸಿಂಧೂ ಪಕ್ಕದ ದಾರಿ

ಬೆಳಗ್ಗೆ ಬೇಗ ಹೊರಟೆವು. ಮೊದಲು ಕಾರು ಎಂಬ ಊರು, ಆಮೇಲೆ ಉಪ್ಶಿ. ಅಲ್ಲಿ ಮನಾಲಿ ರಸ್ತೆ ಬಲಕ್ಕೆ ಕವಲೊಡೆದು ಹೋಗುತ್ತದೆ, ನಮ್ಮ ರಸ್ತೆ ಸಿಂಧೂ ನದಿಯ ಜೊತೆಗೇ ಮುಂದುವರಿಯುತ್ತದೆ. ಚುಮಾಥಾಂಗಿನಲ್ಲಿ ನದಿ ದಡದಲ್ಲೇ ಬಿಸಿನೀರಿನ ಬುಗ್ಗೆಗಳು. ಅಲ್ಲಿ ಮ್ಯಾಗಿ ತಿಂದೆವು. ಮಾಹೆ, ನ್ಯೋಮಾ ದಾಟಿ ಲೋಮಾ ಸೇತುವೆ ಹತ್ತಿರ ಪರ್ಮಿಟ್ ತೋರಿಸಿ ನದಿ ದಾಟಬೇಕು. ಅಲ್ಲಿಗೆ ಕಣಿವೆ ಇದ್ದಕ್ಕಿದ್ದಂತೆ ಅಗಲವಾಗುತ್ತದೆ. ಮರ ಅನ್ನುವುದೇ ಇಲ್ಲ. ಹಳದಿ ಹುಲ್ಲಿನ ಬಯಲಿನಲ್ಲಿ ಕಿಯಾಂಗ್‌ಗಳು, ಅಂದರೆ ಇಲ್ಲಿನ ಕಾಡುಕತ್ತೆಗಳು, ಗುಂಪಾಗಿ ಮೇಯುತ್ತಿದ್ದವು. ಗೆಳೆಯ ಫೋಟೊ ತೆಗೆಯಲು ಗಾಡಿ ನಿಲ್ಲಿಸಿದ. ನಾನು ಮೌಂಟಿನ ಪೆಟ್ಟಿಗೆ ಎಷ್ಟು ಸಲ ಕುಲುಕಿತು ಎನ್ನುವ ಚಿಂತೆಯಲ್ಲಿದ್ದೆ.

ಸಂಜೆ ನಾಲ್ಕರ ಹೊತ್ತಿಗೆ ಹಾನ್ಲೆ. ಬೆಟ್ಟದ ಮೇಲೆ 17ನೇ ಶತಮಾನದ ಬೌದ್ಧ ಮಠ, ಇನ್ನೊಂದು ಗುಡ್ಡದ ಮೇಲೆ ಬಿಳಿ ಗುಮ್ಮಟದ ವೀಕ್ಷಣಾಲಯ. ನಡುವೆ ಚಿಕ್ಕ ಚಿಕ್ಕ ಊರುಗಳು. 2022ರ ಡಿಸೆಂಬರಿನಲ್ಲಿ ಲಡಾಖ್ ಆಡಳಿತ ಇಲ್ಲಿನ 1,073 ಚದರ ಕಿಲೊಮೀಟರ್ ಜಾಗವನ್ನು ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಿತು. ನಮ್ಮ ದೇಶದಲ್ಲಿ ಇದೇ ಮೊದಲನೆಯದು.

ಹೋಮ್‌ಸ್ಟೇ ಒಡತಿಯನ್ನು ಎಲ್ಲರೂ ಅಮಾಲೇ ಎಂದೇ ಕರೆಯುತ್ತಾರೆ, ಅಮ್ಮಾ ಅಂದ ಹಾಗೆ. ಬೆಣ್ಣೆ ಹಾಕಿದ ಉಪ್ಪಿನ ಚಹಾ ಕೊಟ್ಟರು. ಕುಡಿಯುತ್ತಿರುವಾಗಲೇ ಕೋಣೆ ಕೋಣೆಗೂ ಹೋಗಿ ದಪ್ಪ ಪರದೆ ಎಳೆದು ಬಂದರು. ಹೊರಗಿನ ಬಲ್ಬಿಗೆ ತಗಡಿನ ಮರೆ ಇತ್ತು, ಬೆಳಕು ನೆಲಕ್ಕೆ ಮಾತ್ರ ಬೀಳುವ ಹಾಗೆ. ಊರಿನ ಬಹಳಷ್ಟು ಮನೆಗಳಲ್ಲಿ ಹೀಗೆಯೇ. ಇಲ್ಲಿಯ ಕತ್ತಲನ್ನು ದಿನಾ ಸಂಜೆ ಯಾರೋ ಕೈಯಾರೆ ಮಾಡುತ್ತಾರೆ. ನಮ್ಮ ಬಡಾವಣೆಯಲ್ಲಿ ಹೊಸ ಎಲ್‌ಇಡಿ ದೀಪಗಳಿಗೆ ಒಂದು ಮರೆ ಹಾಕಿಸಿ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ನೆನಪಾಯಿತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅದೇ ರಾತ್ರಿ

ಏಳೂವರೆಗೆ ಪೂರ್ತಿ ಕತ್ತಲಾಯಿತು. ನೈಋತ್ಯದಲ್ಲಿ ಧನು ರಾಶಿ ಬೆಟ್ಟದ ಅಂಚಿಗೆ ಇಳಿಯುತ್ತಿತ್ತು. ಅಲ್ಲಿಂದ ಎದ್ದ ಆಕಾಶಗಂಗೆ ನಮ್ಮ ತಲೆ ಮೇಲೆ ರಾಜಹಂಸವನ್ನು ದಾಟಿ ಈಶಾನ್ಯದ ಕಡೆ ಇಳಿದಿತ್ತು. ನಡುವಿನ ಕಪ್ಪು ಸೀಳುಗಳೂ ಬರಿಗಣ್ಣಿಗೆ ಸ್ಪಷ್ಟ. ಚಿಕ್ಕ ನಕ್ಷತ್ರಗಳು ಎಷ್ಟು ಅಂದರೆ, ಪರಿಚಯದ ರಾಶಿಗಳೇ ಗುರುತು ಸಿಗುತ್ತಿರಲಿಲ್ಲ.

ಮೊದಲ ಕೆಲಸ ಪೋಲಾರ್ ಅಲೈನ್‌ಮೆಂಟ್. ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ತಿರುಗಿಸಿದರೆ ಮಾತ್ರ ಭೂಮಿ ತಿರುಗುವುದನ್ನು ಅದು ಸರಿಯಾಗಿ ಹಿಂಬಾಲಿಸುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ಯಾವುದೋ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಹಿಂದೆ ಅಂತಲೇ ಲೆಕ್ಕ. ಮೌಂಟನ್ನು ಅಷ್ಟು ಕೆಳಗೆ ಬಗ್ಗಿಸಿದರೆ ಕೌಂಟರ್‌ವೇಟಿನ ಸರಳು ಟ್ರೈಪಾಡ್ ಕಾಲಿಗೆ ತಾಗುತ್ತದೆ. ಹಾನ್ಲೆಯಲ್ಲಿ ಧ್ರುವ ಸುಮಾರು 33 ಡಿಗ್ರಿ ಎತ್ತರದಲ್ಲಿ ನೆಟ್ಟಗೆ ನಿಂತಿತ್ತು. ಬೋಲ್ಟು ತಿರುಗಿಸಿದೆ, ಐದು ನಿಮಿಷದಲ್ಲಿ ಮುಗಿಯಿತು.

ಟೆಲಿಸ್ಕೋಪಿನ ಬಾಯಿಗೆ ಬಖ್ತಿನೋವ್ ಮಾಸ್ಕ್ ಎಂಬ ಸೀಳುಗಳ ಮುಚ್ಚಳ ಹಾಕಿ ಫೋಕಸ್ ಮಾಡಿದೆ. ಮೊದಲು ಗಾಳಿ ಕಾಡಿತು. ಒಂಬತ್ತರ ತನಕ ಗೈಡಿಂಗ್ ಗ್ರಾಫ್ ಕುಣಿಯುತ್ತಲೇ ಇತ್ತು. ಆಮೇಲೆ ಗಾಳಿ ಬಿತ್ತು. ಆಂಡ್ರೊಮಿಡಾ ಗೆಲಾಕ್ಸಿಗೆ ಟೆಲಿಸ್ಕೋಪ್ ತಿರುಗಿಸಿ ಐಎಸ್ಒ 800ರಲ್ಲಿ ಮೂರು ನಿಮಿಷದ ಎಕ್ಸ್‌ಪೋಷರ್ ಶುರು ಮಾಡಿದೆ. ಊರಿನಲ್ಲಿ ಒಂದೇ ನಿಮಿಷಕ್ಕೆ ಹಿಸ್ಟೋಗ್ರಾಮ್, ಅಂದರೆ ಫೋಟೊದ ಬೆಳಕಿನ ಗ್ರಾಫ್, ಮಧ್ಯಕ್ಕೆ ಬಂದು ಪರದೆ ಕಂದುಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಮೂರು ನಿಮಿಷವಾದರೂ ಅದು ಎಡಗಡೆ ಗೋಡೆ ಬಿಟ್ಟು ಸ್ವಲ್ಪವೇ ಸರಿದಿತ್ತು. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ, ಒಂದೇ ಫ್ರೇಮಿನಲ್ಲಿ, ಗೆಲಾಕ್ಸಿಯ ಧೂಳಿನ ಪಟ್ಟಿಗಳು ಕಂಡವು. ಪಕ್ಕದ ಎರಡು ಕುಳ್ಳ ಗೆಲಾಕ್ಸಿಗಳು, ಎಂ32 ಮತ್ತು ಎಂ110, ಕೂಡ.

ಗೆಳೆಯನಿಗೆ ಫೋಟೊಗಿಂತ ಬರಿಗಣ್ಣಿನ ಆಟ ಇಷ್ಟ. ಆಂಡ್ರೊಮಿಡಾ ಅವನಿಗೆ ತಕ್ಷಣ ಸಿಕ್ಕಿತು. ಎಂ33 ಎಂಬ ಇನ್ನೊಂದು ಗೆಲಾಕ್ಸಿಗೆ ಸ್ವಲ್ಪ ಓರೆನೋಟ ಬೇಕಾಯಿತು. "ಇದೆಷ್ಟು ದೂರ?" ಅಂದ. ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ಅಂದೆ. ಅದು ನಮ್ಮ ಆಕಾಶಗಂಗೆಯ ಒಳಗಿದೆಯೋ ಹೊರಗಿದೆಯೋ ಎನ್ನುವ ಜಗಳ ತೀರಿ ಇನ್ನೂ ಬಹಳ ಕಾಲವೇನೂ ಆಗಿಲ್ಲ. 1923ರ ಅಕ್ಟೋಬರ್ ಮೊದಲ ವಾರದಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಇಂಚಿನ ಟೆಲಿಸ್ಕೋಪಿನಿಂದ ತೆಗೆದ ಗಾಜಿನ ಪ್ಲೇಟಿನಲ್ಲಿ ಒಂದು ಸೆಫೀಡ್ ನಕ್ಷತ್ರ ಸಿಕ್ಕಿತು. ಹೊಳಪು ಏರಿಳಿಯುವ ಅವಧಿಯಿಂದ ಅದರ ನಿಜವಾದ ಹೊಳಪು ಗೊತ್ತಾಗುತ್ತದೆ, ಅದರಿಂದ ದೂರ. ಅಕ್ಟೋಬರ್ ಸುಮ್ನೆ ಕಾಕತಾಳೀಯ ಅಲ್ಲ. ಆ ತಿಂಗಳಲ್ಲೇ ಆಂಡ್ರೊಮಿಡಾ ನಡುರಾತ್ರಿ ನೆತ್ತಿಯ ಹತ್ತಿರ ಬರುವುದು. ನಾವು ಬಂದದ್ದೂ ಅದಕ್ಕೇ.

ಹನ್ನೊಂದಕ್ಕೆ ಕರೆಂಟು ಹೋಯಿತು. ಅಡುಗೆಮನೆ ಕಿಟಕಿಯಿಂದ ಎಳೆದಿದ್ದ ವೈರ್ ಬಿಟ್ಟು ಪವರ್ ಬ್ಯಾಂಕಿಗೆ ಬದಲಾಯಿಸಿದೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಬೇಗ ಕುಸಿಯುತ್ತದೆ. ಅದಕ್ಕೇ ಲೇಹ್‌ನಲ್ಲಿ ಕೊಂಡ ಕಾಲುಚೀಲ, ಕಾಲಿಗಲ್ಲ, ಪವರ್ ಬ್ಯಾಂಕಿಗೆ. ಚಳಿಯಿಂದ ಲಾಭವೂ ಇದೆ. ಕ್ಯಾಮೆರಾ ಸೆನ್ಸರ್ ಸುಮಾರು ಆರು ಡಿಗ್ರಿ ತಣ್ಣಗಾದರೆ ಅದರೊಳಗಿನ ಡಾರ್ಕ್ ಕರೆಂಟ್, ಅಂದರೆ ಬೆಳಕಿಲ್ಲದಿದ್ದರೂ ಬಿಸಿಯಿಂದ ಹುಟ್ಟುವ ಸುಳ್ಳು ಸಂಕೇತ, ಅರ್ಧಕ್ಕೆ ಇಳಿಯುತ್ತದೆ. ದುಬಾರಿ ಕ್ಯಾಮೆರಾಗಳಲ್ಲಿ ಇದಕ್ಕೆಂದೇ ಕೂಲರ್ ಇರುತ್ತದೆ. ನನ್ನ ಹಳೆಯ ಡಿಎಸ್‌ಎಲ್‌ಆರ್‌ಗೆ ಚಾಂಗ್‌ಥಾಂಗ್ ಪ್ರಸ್ಥಭೂಮಿಯೇ ಕೂಲರ್.

ಎರಡೂವರೆ ಹೊತ್ತಿಗೆ ಕೃತ್ತಿಕೆಗೆ ತಿರುಗಿಸಿದೆ. ನಾಲ್ಕಕ್ಕೆ ಗೆಳೆಯ ನನ್ನ ತೋಳು ಹಿಡಿದು ಪೂರ್ವಕ್ಕೆ ತಿರುಗಿಸಿದ. "ಆ ಕಡೆ ಯಾವ ಊರು? ಇಷ್ಟು ಬೆಳಕು?" ದಿಗಂತದಿಂದ ಓರೆಯಾಗಿ ಎದ್ದ ಬೆಳಕಿನ ಗೋಪುರ. ಊರೂ ಅಲ್ಲ, ಬೆಳಗೂ ಅಲ್ಲ. ಗ್ರಹಗಳು ಸುತ್ತುವ ಸಮತಲದಲ್ಲಿ ಹರಡಿರುವ ಧೂಳು ಸೂರ್ಯನ ಬೆಳಕನ್ನು ಚದುರಿಸಿ ಹೀಗೆ ಕಾಣುತ್ತದೆ. ರಾಶಿಚಕ್ರದ ಬೆಳಕು ಅನ್ನುತ್ತಾರೆ. ಶರದೃತುವಿನ ಬೆಳಗಿನ ಜಾವ ಅದು ಚೆನ್ನಾಗಿ ನೆಟ್ಟಗೆ ನಿಲ್ಲುತ್ತದೆ. ಇಷ್ಟು ಪ್ರಖರವಾಗಿ ನಾನು ನೋಡಿರಲಿಲ್ಲ. ಕೃತ್ತಿಕೆಯ ಕಡೆಯ ಕೆಲವು ಫ್ರೇಮುಗಳು ಮುಗಿಯುವವರೆಗೂ ಅದನ್ನೇ ನೋಡುತ್ತಾ ಕೂತೆವು.

ಬೆಳಗಾಗುವಾಗ ಫ್ಲಾಟ್ ಫ್ರೇಮ್ ತೆಗೆಯಬೇಕು. ಸೆನ್ಸರಿನ ಮೇಲಿನ ಧೂಳಿನ ಕಲೆ, ಮೂಲೆಗಳ ಮಬ್ಬು ಇವನ್ನು ಆಮೇಲೆ ಕಳೆಯಲು ಅದು ಬೇಕು. ಬಿಳಿ ಎಲ್‌ಇಡಿ ಹಲಗೆ ಇಟ್ಟು ರಾತ್ರಿಯೇ ತೆಗೆಯುವುದು ಸುಲಭ. ಇಲ್ಲಿ ಹಾಗೆ ಮಾಡಿದರೆ ಊರವರು ಸುಮ್ಮನೆ ಬಿಡುವುದಿಲ್ಲ, ಬಿಡಬಾರದು ಕೂಡ. ಟೆಲಿಸ್ಕೋಪಿನ ಬಾಯಿಗೆ ಬಿಳಿ ಬನಿಯನ್ ಕಟ್ಟಿ ತಿಳಿ ಆಕಾಶದ ಫ್ಲಾಟ್ ತೆಗೆದೆ.

ನಾಲ್ಕನೇ ದಿನ: ಗುಡ್ಡದ ಮೇಲೆ

ಮಧ್ಯಾಹ್ನದವರೆಗೂ ನಿದ್ದೆ. ಆಮೇಲೆ ಡಿಗ್ಪಾ ರಾತ್ಸಾ ರೀ ಗುಡ್ಡದ ಮೇಲಿನ ಭಾರತೀಯ ಖಗೋಳ ವೀಕ್ಷಣಾಲಯಕ್ಕೆ ಹೋದೆವು. 4,500 ಮೀಟರ್ ಎತ್ತರ. ಗಾಡಿ ಇಳಿದು ಹತ್ತು ಹೆಜ್ಜೆ ನಡೆದರೆ ಏದುಸಿರು. ಇಲ್ಲಿನ ದೊಡ್ಡ ಆಪ್ಟಿಕಲ್ ಟೆಲಿಸ್ಕೋಪ್ ಹಿಮಾಲಯನ್ ಚಂದ್ರ. ಎರಡು ಮೀಟರ್ ವ್ಯಾಸದ ಕನ್ನಡಿ, ಮೊದಲ ಬೆಳಕು ಕಂಡದ್ದು 2000ದಲ್ಲಿ. ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರದು.

ಇದನ್ನು ನಡೆಸುವುದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ರಾತ್ರಿ ಅದನ್ನು ತಿರುಗಿಸುವವರು ಇಲ್ಲಿ ಚಳಿಯಲ್ಲಿ ಕೂರುವುದಿಲ್ಲ, ಹೊಸಕೋಟೆ ಹತ್ತಿರದ ಕ್ರೆಸ್ಟ್ ಕೇಂದ್ರದಲ್ಲಿ ಕೂತು ಉಪಗ್ರಹದ ಸಂಪರ್ಕದ ಮೂಲಕ ನಡೆಸುತ್ತಾರೆ. ಹೊಸಕೋಟೆ ಅಂದರೆ ಬೆಳಗಿನ ಜಾವ ಬಿರಿಯಾನಿಗೆ ಸಾಲು ನಿಲ್ಲುವ ಊರು ಎಂದಷ್ಟೇ ನಮಗೆಲ್ಲ ಗೊತ್ತು, ಅಲ್ವಾ? ನಕ್ಷೆಯಲ್ಲಿ ನೋಡಿದರೆ ಹಾನ್ಲೆ ಹೆಚ್ಚೂಕಡಿಮೆ ಅದರ ನೇರ ಉತ್ತರಕ್ಕಿದೆ. ರೇಖಾಂಶದಲ್ಲಿ ಬರೀ ಒಂದು ಡಿಗ್ರಿ ಚಿಲ್ಲರೆ ವ್ಯತ್ಯಾಸ. ಒಂದು ನಕ್ಷತ್ರ ಹಾನ್ಲೆಯಲ್ಲಿ ಮಧ್ಯರೇಖೆ ದಾಟಿದ ಐದು ನಿಮಿಷಕ್ಕೆ ಹೊಸಕೋಟೆಯಲ್ಲೂ ದಾಟುತ್ತದೆ.

ಈ ನೇರ ಗೆರೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಉತ್ತರಕ್ಕೆ ಹೋದಷ್ಟೂ ದಕ್ಷಿಣದ ಆಕಾಶ ಕೈತಪ್ಪುತ್ತದೆ. ಒಮೆಗಾ ಸೆಂಟಾರಿ ಎಂಬ ದೊಡ್ಡ ನಕ್ಷತ್ರಗುಚ್ಛ ನಮ್ಮಲ್ಲಿ 29 ಡಿಗ್ರಿ ಮೇಲೇರುತ್ತದೆ, ಇಲ್ಲಿ 10 ಡಿಗ್ರಿಗೂ ಕಷ್ಟ. ಕನ್ನಡ ನಾಡಿನ ಹವ್ಯಾಸಿಗಳು ಎಲ್ಲಕ್ಕೂ ಲಡಾಖ್ ಲಡಾಖ್ ಅನ್ನುವ ಅಗತ್ಯವಿಲ್ಲ.

ಗುಡ್ಡದ ಬುಡದ ಕಡೆ ಮೇಸ್ ಎಂಬ ಗಾಮಾ ಕಿರಣದ ಟೆಲಿಸ್ಕೋಪ್ ಕಾಣುತ್ತದೆ. 21 ಮೀಟರ್ ಅಗಲದ ಕನ್ನಡಿಗಳ ತಟ್ಟೆ, 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಗಾಮಾ ಕಿರಣ ವಾತಾವರಣಕ್ಕೆ ಬಡಿದಾಗ ಹುಟ್ಟುವ, ಸೆಕೆಂಡಿನ ಹತ್ತಾರು ಕೋಟಿಯಲ್ಲೊಂದು ಭಾಗದಷ್ಟು ಕ್ಷಣಿಕವಾದ ನೀಲಿ ಮಿಂಚನ್ನು ಅದು ಹಿಡಿಯುತ್ತದೆ. ಅದಕ್ಕೂ ಕತ್ತಲೇ ಬೇಕು.

ಆ ರಾತ್ರಿ ಒಂದು ಗಂಟೆಯವರೆಗೂ ಮೋಡ. ಊರಿನ ಹುಡುಗಿಯೊಬ್ಬಳು ತನ್ನ ಡಾಬ್ಸೋನಿಯನ್ ಟೆಲಿಸ್ಕೋಪನ್ನು ಅಂಗಳಕ್ಕೆ ತಂದು, ಮೋಡದ ಸಂದಿಯಲ್ಲಿ ಪ್ರವಾಸಿಗಳಿಗೆ ರಿಂಗ್ ನೆಬುಲಾ ತೋರಿಸುತ್ತಿದ್ದಳು. ವಿಜ್ಞಾನಿಗಳಿಂದ ತರಬೇತಿ ಪಡೆದ ಇಂಥ ಸ್ಥಳೀಯರನ್ನು ಇಲ್ಲಿ ಆಸ್ಟ್ರಾನಮಿ ಅಂಬಾಸಡರ್ ಅನ್ನುತ್ತಾರೆ. ಅಷ್ಟರಲ್ಲಿ ಯಾವುದೋ ಪ್ರವಾಸಿ ಗಾಡಿ ಹೈಬೀಮ್ ಹಾಕಿಕೊಂಡು ಬಂತು. ಆಕೆ ಕೆಂಪು ಟಾರ್ಚ್ ಬೀಸುತ್ತಾ ಓಡಿದಳು. "ಲೈಟ್ ಬಂದ್ ಕರೋ ಭಯ್ಯಾ, ಲೈಟ್!" ಡ್ರೈವರ್ ಆರಿಸಿದ. ಒಳಗಿದ್ದವರು ಇಳಿದು, ಮೊಬೈಲಿನ ಟಾರ್ಚ್ ಹಚ್ಚಿದರು.

ಐದನೇ ದಿನ

ಹಗಲು ಬರೀ ಬ್ಯಾಟರಿ ಚಾರ್ಜು, ಬಿಸಿಲು, ಥುಕ್ಪಾ. ಉಮ್ಲಿಂಗ್ ಲಾ ಕಡೆ ಹೋಗೋಣ ಎಂದು ಗೆಳೆಯ. ನಿದ್ದೆಗೆಟ್ಟ ತಲೆಯಲ್ಲಿ 5,798 ಮೀಟರ್ ಎತ್ತರಕ್ಕೆ ಹೋಗುವ ಆಸೆ ನನಗಿರಲಿಲ್ಲ. ಅವನು ಬೇರೆ ಗಾಡಿ ಹಿಡಿದು ಹೋದ, ತಲೆನೋವು ತಂದ.

ರಾತ್ರಿ ಪೂರ್ತಿ ಸ್ವಚ್ಛ. ಮತ್ತೆ ಆಂಡ್ರೊಮಿಡಾ, ಅದೇ ಚೌಕಟ್ಟು. ಹೊಸದೇನಾದರೂ ತೆಗೆಯಬಾರದೇ ಎಂದು ಗೆಳೆಯ ಕೇಳಿದ. ಫೋಟೊಗಳನ್ನು ಸೇರಿಸಿದಾಗ ಗದ್ದಲಕ್ಕೆ ಹೋಲಿಸಿದರೆ ಬೆಳಕಿನ ಬಲ ಏರುವುದು ಎಕ್ಸ್‌ಪೋಷರ್ ಸಮಯದ ವರ್ಗಮೂಲದಂತೆ. ಎರಡು ಪಟ್ಟು ಚೆನ್ನಾಗಬೇಕಾದರೆ ನಾಲ್ಕು ಪಟ್ಟು ಸಮಯ. ಒಂದು ರಾತ್ರಿಗೆ ಹತ್ತು ಗುರಿ ಇಟ್ಟುಕೊಂಡವರ ಹಾರ್ಡ್ ಡಿಸ್ಕ್ ತುಂಬುತ್ತದೆ, ಗೋಡೆಗೆ ಹಾಕುವ ಒಂದು ಚಿತ್ರವೂ ಬರುವುದಿಲ್ಲ.

ಉತ್ತರದ ದಿಗಂತದ ಮೇಲೆ ಆ ರಾತ್ರಿ ತೆಳು ಪಟ್ಟಿಗಳು ನಿಧಾನವಾಗಿ ಸರಿಯುತ್ತಿದ್ದವು. ಕಣ್ಣಿಗೆ ಬೂದು, ಕ್ಯಾಮೆರಾಗೆ ಹಸಿರು. ಏರ್‌ಗ್ಲೋ. ಹೆಚ್ಚೂಕಡಿಮೆ ನೂರು ಕಿಲೊಮೀಟರ್ ಮೇಲೆ ಆಮ್ಲಜನಕದ ಪರಮಾಣುಗಳು 557.7 ನ್ಯಾನೊಮೀಟರಿನಲ್ಲಿ ಸೂಸುವ ಬೆಳಕು. ದೀಪಗಳನ್ನೆಲ್ಲ ಆರಿಸಿದ ಮೇಲೂ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ. ಇದು ಆಮೇಲೆ ನನಗೆ ಕೆಲಸ ಕೊಟ್ಟಿತು.

ವಾಪಸ್ಸು

ದಾರಿಯಲ್ಲಿ ಬಹುಪಾಲು ನಿದ್ದೆ. ಲೇಹ್‌ನಲ್ಲಿ ಒಂದು ರಾತ್ರಿ, ಮಾರನೆಯ ದಿನ ಬೆಂಗಳೂರು. ಏರ್‌ಪೋರ್ಟಿನಲ್ಲಿ ಮಳೆ.

ಮನೆಯಲ್ಲಿ, ಕಂಪ್ಯೂಟರ್ ಮುಂದೆ

ಪ್ರೊಸೆಸಿಂಗಿಗೆ ನಾನು ಬಳಸುವುದು ಸಿರಿಲ್ ಎಂಬ ಸಾಫ್ಟ್‌ವೇರ್. ಪುಕ್ಕಟೆ, ಮತ್ತು ಹವ್ಯಾಸಿಗೆ ಸಾಕಾಗಿ ಉಳಿಯುತ್ತದೆ. ಡಾರ್ಕ್ (ಮುಚ್ಚಳ ಹಾಕಿ ತೆಗೆದ ಫ್ರೇಮ್) ಕಳೆದು, ಫ್ಲಾಟಿನಿಂದ ಭಾಗಿಸಿ, ಫ್ರೇಮುಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಉಪಗ್ರಹಗಳ ಗೆರೆಗಳು, ಸರಾಸರಿಯಿಂದ ತೀರ ದೂರವಿರುವುದನ್ನು ಬಿಟ್ಟುಬಿಡುವ ಸಿಗ್ಮಾ ಕ್ಲಿಪ್ಪಿಂಗಿನಲ್ಲಿ ಮಾಯ.

ಬೆಂಗಳೂರಿನ ಫೋಟೊ ಆದರೆ ಇಲ್ಲಿಂದ ಯುದ್ಧ ಶುರು. ಕಿತ್ತಳೆ ಮಬ್ಬು ತೆಗೆ, ಹಸಿರು ತೆಗೆ, ಒಂದು ಮೂಲೆಯ ಬೆಳಕು ತೆಗೆ. ತೆಗೆದು ತೆಗೆದು ಕೊನೆಗೆ ಉಳಿದದ್ದು ಗೆಲಾಕ್ಸಿಯೋ ನಮ್ಮ ಆಸೆಯೋ ಗೊತ್ತಾಗುವುದಿಲ್ಲ. ಹಾನ್ಲೆಯ ಫೈಲು ಬೇರೆ ಥರ. ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಬಣ್ಣಕ್ಕೆ ಹೊಂದಿಸಿ ಕಲರ್ ಕ್ಯಾಲಿಬ್ರೇಶನ್ ಮಾಡಿದೆ, ಹಿಸ್ಟೋಗ್ರಾಮ್ ಎಳೆದೆ. ನಡುವೆ ಹಳೆಯ ನಕ್ಷತ್ರಗಳ ಹಳದಿ, ಸುತ್ತ ತೋಳುಗಳಲ್ಲಿ ಎಳೆಯ ನಕ್ಷತ್ರಗಳ ನೀಲಿ, ಅಲ್ಲಲ್ಲಿ ಹೈಡ್ರೋಜನ್ ಮೋಡಗಳ ಗುಲಾಬಿ ಚುಕ್ಕೆ. ಇಷ್ಟೂ ತಾನಾಗಿ ಬಂತು. ಇಲ್ಲಿ ಕಷ್ಟವಿರುವುದು ಕೈ ಕಟ್ಟಿಕೊಂಡು ಕೂರುವುದರಲ್ಲಿ. ಇದೇ ಫೈಲನ್ನು ಗೆಳೆಯನೂ ತಗೊಂಡಿದ್ದ. ಸ್ಯಾಚುರೇಶನ್ ಎಷ್ಟು ಏರಿಸಿದ್ದ ಅಂದರೆ ಬೆಲ್ಲ ಜಾಸ್ತಿಯಾದ ಹುಗ್ಗಿಯ ಹಾಗಿತ್ತು. ಮೊದಲ ಚಮಚ ಆಹಾ, ಎರಡನೆಯದು ಬೇಡ. ವಾಟ್ಸಾಪಿನಲ್ಲಿ ಅವನದ್ದಕ್ಕೇ ಜಾಸ್ತಿ ಲೈಕ್ ಬಂತು, ಅದು ಬೇರೆ ವಿಷಯ.

ನಾನು ಕೂತು ಯೋಚಿಸಿದ್ದು ಗೆಲಾಕ್ಸಿಯ ಬಗ್ಗೆ ಅಲ್ಲ, ಅದರ ಹಿನ್ನೆಲೆಯ ಬಗ್ಗೆ. ಕಾಂಟ್ರಾಸ್ಟ್ ಎಳೆದರೆ ಎರಡು ಮಸುಕು ಕಲೆಗಳು ಕಂಡವು. ಮೇಲಿನ ಎಡಮೂಲೆಯಲ್ಲಿ ಕಂದು ಮಿಶ್ರಿತ ಎಳೆಗಳು, ಕೆಳಗೆ ಬಲಕ್ಕೆ ಅಗಲವಾದ ಹಸಿರು ಛಾಯೆ. ನಮ್ಮದೇ ಆಕಾಶಗಂಗೆಯ ತೆಳು ಧೂಳು ಆ ದಿಕ್ಕಿನಲ್ಲಿ ಹರಡಿದೆ, ಆಳವಾದ ಫೋಟೊಗಳಲ್ಲಿ ಅದು ಕಾಣುವುದು ನಿಜ. ಏರ್‌ಗ್ಲೋ ಬಿಟ್ಟುಹೋದ ಕೊಳೆಯೂ ಹೀಗೆಯೇ ಕಾಣುತ್ತದೆ. ಗ್ರೇಡಿಯಂಟ್, ಅಂದರೆ ಹಿನ್ನೆಲೆಯ ಬೆಳಕಿನ ಏರಿಳಿತ, ತೆಗೆಯುವ ಸಾಫ್ಟ್‌ವೇರಿಗೆ ಕೊಟ್ಟರೆ ಎರಡನ್ನೂ ಒರೆಸಿಹಾಕಬಹುದು.

ಪರೀಕ್ಷೆ ಸುಲಭ. ಧೂಳು ನಕ್ಷತ್ರಗಳ ಜೊತೆ ಅಂಟಿಕೊಂಡಿರುತ್ತದೆ, ಏರ್‌ಗ್ಲೋ ಗಂಟೆಗೊಂದು ಆಕಾರ. ಮೊದಲ ರಾತ್ರಿಯ ಫ್ರೇಮುಗಳನ್ನು ಒಂದು ಚಿತ್ರವಾಗಿ, ಕೊನೆಯ ರಾತ್ರಿಯವನ್ನು ಇನ್ನೊಂದಾಗಿ ಸ್ಟ್ಯಾಕ್ ಮಾಡಿ ಎರಡನ್ನೂ ಒಂದೇ ಅಳತೆಗೆ ಎಳೆದು ಅಕ್ಕಪಕ್ಕ ಇಟ್ಟೆ. ಕಂದು ಎಳೆಗಳು ಎರಡರಲ್ಲೂ ಇದ್ದವು, ಅದೇ ನಕ್ಷತ್ರಗಳ ನಡುವೆ, ಅದೇ ಬಾಗಿನಲ್ಲಿ. ಹಸಿರು ಛಾಯೆ ಕೊನೆಯ ರಾತ್ರಿಯದರಲ್ಲಿ ಮಾತ್ರ. ಆ ರಾತ್ರಿಯ ಫ್ರೇಮುಗಳಿಗೆ ಸ್ಟ್ಯಾಕ್ ಮಾಡುವ ಮುಂಚೆಯೇ, ಒಂದೊಂದಕ್ಕೂ ಬೇರೆಬೇರೆಯಾಗಿ, ಸರಳ ಇಳಿಜಾರಿನ ಗ್ರೇಡಿಯಂಟ್ ಕಳೆದೆ. ಹಸಿರು ಹೋಯಿತು, ಕಂದು ಎಳೆಗಳು ಉಳಿದವು.

ಉಳಿದದ್ದನ್ನು ಸ್ವಲ್ಪವೂ ಎತ್ತಿ ತೋರಿಸದೆ ಹಾಗೇ ಬಿಟ್ಟಿದ್ದೇನೆ. ಮೊಬೈಲಿನಲ್ಲಿ ನೋಡಿದರೆ ಕಾಣುವುದಿಲ್ಲ. ದೊಡ್ಡ ಪರದೆಯಲ್ಲಿ, ಕೋಣೆಯ ಲೈಟ್ ಆರಿಸಿ ನೋಡಬೇಕು.